ಹೊಸ ಥ್ರಿಲ್ಲರೋ, ಹೊಸ ಕಾದಂಬರಿಯೋ: ಯಾವುದನ್ನು ಕೈಗೆತ್ತಿಕೊಳ್ಳಬೇಕು?

ಪುಸ್ತಕದಂಗಡಿಯ ಕಪಾಟಿನ ಮೇಲೆ ಅಂಟಿಸಿದ ಚೀಟಿಗಳನ್ನು ನಂಬಿ ಪುಸ್ತಕ ಆರಿಸುವ ಕಾಲ ಮುಗಿದಿದೆ. ಬೇಸಿಗೆ ಶಿಬಿರದಿಂದ ಹುಡುಗಿಯೊಬ್ಬಳು ಕಾಣೆಯಾಗುವ ಕಥೆ ‘ಥ್ರಿಲ್ಲರ್’ ಸಾಲಿನಲ್ಲಿದೆ. ಸುಳ್ಳು ಹೆಸರಿಟ್ಟುಕೊಂಡು ಚಳವಳಿಗಾರರ ನಡುವೆ ನುಸುಳುವ ಗೂಢಚಾರಿಣಿಯ ಕಥೆ ಬೂಕರ್ ಪ್ರಶಸ್ತಿಯ ಕಿರುಪಟ್ಟಿಗೆ ಏರಿ ‘ಸಾಹಿತ್ಯ’ದ ಸಾಲಿನಲ್ಲಿ ಕೂತಿದೆ. ಗಂಡಸರನ್ನು ಕೊಂದ ಆರೋಪ ಹೊತ್ತು ಜೈಲಿನಲ್ಲಿರುವ ಹೆಂಗಸಿನ ಕಥೆ ಎಂದು ಕೊಂಡ ಪುಸ್ತಕ ಅಡುಗೆಮನೆಯಿಂದ ಹೊರಗೇ ಬರಲೊಲ್ಲದು. ಯಾವುದನ್ನು ಮೊದಲು ಓದಲಿ ಎಂದು ಯಾರಾದರೂ ಕೇಳಿದರೆ ನಾನು ಅವರಿಗೆ ಹೇಳುವುದು ಒಂದೇ ಮಾತು: ಪ್ರಕಾರದ ಹೆಸರನ್ನು ಬಿಡಿ, ಈ ಪುಸ್ತಕ ನಿಮ್ಮಿಂದ ಏನನ್ನು ಮುಚ್ಚಿಡುತ್ತಿದೆ ಎಂದು ನೋಡಿ.

ಕೆಲವು ಪುಸ್ತಕಗಳು ನಡೆದ ಸಂಗತಿಯನ್ನು ಮುಚ್ಚಿಡುತ್ತವೆ. ಕೊಂದವರು ಯಾರು, ಹುಡುಗಿ ಎಲ್ಲಿದ್ದಾಳೆ, ಆ ರಾತ್ರಿ ಬಾಗಿಲು ತೆರೆದದ್ದು ಯಾರು? ಗೊತ್ತಾಯಿತೆಂದರೆ ಪುಸ್ತಕದ ಕೆಲಸ ಮುಗಿಯಿತು. ಇನ್ನು ಕೆಲವು ಮನುಷ್ಯರನ್ನೇ ಮುಚ್ಚಿಡುತ್ತವೆ. ನಡೆದದ್ದೆಲ್ಲ ಕಣ್ಣೆದುರೇ ಇರುತ್ತದೆ, ಆದರೆ ಈತ ಹೀಗೇಕೆ ಮಾಡಿದ ಎಂಬುದು ಕೊನೆಯವರೆಗೂ ಪೂರ್ತಿ ಕೈಗೆ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವ ಪುಸ್ತಕಗಳು ಅಪರೂಪ, ನನಗೆ ಅವೇ ಹೆಚ್ಚು ಇಷ್ಟ. ದಣಿದ ಮನಸ್ಸಿಗೆ ಮೊದಲ ಬಗೆ ಬೇಕು, ನಿಧಾನವಾಗಿ ಕೂತು ಓದಬಲ್ಲ ದಿನಗಳಿಗೆ ಎರಡನೆಯದು. ಇಲ್ಲಿ ಹೆಸರಿಸಿರುವವು ಬಹುಪಾಲು 2024 ಮತ್ತು 2025ರಲ್ಲಿ ಇಂಗ್ಲಿಷಿನಲ್ಲಿ ಬಂದವು, ಎಲ್ಲವೂ ನಮ್ಮಲ್ಲಿ ಸಿಗುತ್ತವೆ. ಯಾವುದರ ಅಂತ್ಯವನ್ನೂ ನಾನು ಬಿಟ್ಟುಕೊಡುವುದಿಲ್ಲ.

ಒಂದೇ ಥ್ರಿಲ್ಲರ್ ಓದುವುದಾದರೆ

ಲಿಜ್ ಮೂರ್ ಬರೆದ ‘ದಿ ಗಾಡ್ ಆಫ್ ದಿ ವುಡ್ಸ್’ (2024) ಓದಿ. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಕಾಡು, 1975ರ ಆಗಸ್ಟ್ ತಿಂಗಳ ಒಂದು ಬೆಳಗು. ಶಿಬಿರದ ಮೇಲ್ವಿಚಾರಕಿ ಲೂಯಿಸ್ ಕಣ್ಣು ಬಿಟ್ಟರೆ ಒಂದು ಮಂಚ ಖಾಲಿ. ಮಲಗಿರಬೇಕಾಗಿದ್ದ ಹದಿಮೂರರ ಬಾರ್ಬರಾ ಆ ಶಿಬಿರದ, ಆ ಕಾಡಿನ ಒಡೆತನವಿರುವ, ಸುತ್ತಲಿನ ಊರಿಗೆ ಕೂಲಿ ಕೊಡುವ ಶ್ರೀಮಂತ ಮನೆತನದ ಮಗಳು. ಅವಳ ಅಣ್ಣನೂ ಹದಿನಾಲ್ಕು ವರ್ಷಗಳ ಹಿಂದೆ ಇದೇ ಕಾಡಿನಲ್ಲಿ ಕಾಣೆಯಾಗಿದ್ದ, ಸಿಗಲೇ ಇಲ್ಲ.

ಇಷ್ಟು ಹೇಳಿದರೆ ನೂರು ಥ್ರಿಲ್ಲರ್‌ಗಳ ಬೆನ್ನುಡಿಯಂತೆ ಕೇಳಿಸುತ್ತದೆ. ಬೇರೆಯಾಗುವುದು ಆ ಮೊದಲ ಕೆಲವು ಪುಟಗಳಲ್ಲೇ. ಖಾಲಿ ಮಂಚ ಕಂಡ ಲೂಯಿಸ್‌ಳ ಮನಸ್ಸು ಹುಡುಗಿಯ ಕಡೆಗಷ್ಟೇ ಓಡುವುದಿಲ್ಲ. ರಾತ್ರಿ ತಾನು ಇರಬೇಕಾದ ಜಾಗದಲ್ಲಿ ಇರಲಿಲ್ಲ ಎಂಬುದು ಹೊರಬಿದ್ದರೆ ತನ್ನ ಗತಿಯೇನು ಎಂದೂ ಅದು ಲೆಕ್ಕ ಹಾಕುತ್ತದೆ. ಬಡ ಮನೆಯಿಂದ ಬಂದವಳು ಅವಳು. ದೊಡ್ಡವರ ಮನೆಯಲ್ಲಿ ಏನೇ ಆದರೂ ತಪ್ಪು ಯಾರ ತಲೆಗೆ ಕಟ್ಟಲಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಮುಂದಿನ ನಾನ್ನೂರು ಚಿಲ್ಲರೆ ಪುಟಗಳ ನಿಜವಾದ ವಿಷಯವೂ ಅದೇ. ಹುಡುಗಿ ಎಲ್ಲಿ ಎಂಬ ಪ್ರಶ್ನೆ ನಿಮ್ಮನ್ನು ಓಡಿಸುತ್ತಿರುವಾಗಲೇ, ಹಣ ಇದ್ದವರ ಮಾತಿಗೂ ಇಲ್ಲದವರ ಮಾತಿಗೂ ಪೊಲೀಸರು ಕೊಡುವ ತೂಕ ಎಷ್ಟೆಷ್ಟು ಎಂದು ಲೇಖಕಿ ತೋರಿಸುತ್ತಾ ಹೋಗುತ್ತಾರೆ. ತನಿಖೆಗೆ ಬರುವ ಜೂಡಿಟಾ ಎಂಬ ಎಳೆಯ ಅಧಿಕಾರಿಣಿ, ಗಂಡಸರೇ ತುಂಬಿದ್ದ ಆ ಪೊಲೀಸ್ ಪಡೆಯಲ್ಲಿ ಬೆರಳೆಣಿಕೆಯ ಹೆಂಗಸರಲ್ಲಿ ಒಬ್ಬಳು. ಅವಳ ಎದುರು ಜನ ಬಾಯಿಬಿಡುವುದು ಅವಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದಲೇ. ಇದು ಬಹಳ ಚೆನ್ನಾಗಿ ಬಂದಿದೆ.

ಕಥೆ 1950ರ ದಶಕ, 1961, 1975 ಎಂದು ಹಿಂದೆ ಮುಂದೆ ಓಡಾಡುತ್ತದೆ. ಅಧ್ಯಾಯದ ತಲೆಯ ಮೇಲೆ ಕಾಲ ನಮೂದಾಗಿರುವುದರಿಂದ ದಾರಿ ತಪ್ಪುವುದಿಲ್ಲ. ಆದರೂ ದಿನಕ್ಕೆ ಐದೈದು ಪುಟ ಓದುವವರಿಗೆ ಇದು ಒಗ್ಗುವುದಿಲ್ಲ. ಒಂದು ವಾರಾಂತ್ಯವನ್ನು ಮೀಸಲಿಡಿ. ಮಧ್ಯದಲ್ಲಿ ತಾಯಿ ಆಲಿಸ್‌ಳ ಅಧ್ಯಾಯಗಳು ಬರುತ್ತವೆ, ರಹಸ್ಯಕ್ಕೆ ಅವಸರಪಡುವವರು ಅವನ್ನು ಬೇಗ ಬೇಗ ದಾಟಲು ನೋಡಬಹುದು. ದಯವಿಟ್ಟು ದಾಟಬೇಡಿ. ಮದುವೆಯಾದ ದಿನದಿಂದ ತನ್ನ ಮನೆಯಲ್ಲಿ ತಾನೇ ಅತಿಥಿಯಂತೆ ಬದುಕಿದ ಆ ಹೆಂಗಸು ಅರ್ಥವಾಗದಿದ್ದರೆ ಕೊನೆಯ ಉತ್ತರ ಬರೀ ಉತ್ತರವಾಗಿ ಉಳಿದುಬಿಡುತ್ತದೆ.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದದ್ದು ಐರಿಷ್ ಲೇಖಕಿ ಟಾನಾ ಫ್ರೆಂಚ್ ಅವರ ‘ದಿ ಹಂಟರ್’ (2024). ಐರ್ಲೆಂಡಿನ ಪಶ್ಚಿಮದ ಕಾಲ್ಪನಿಕ ಹಳ್ಳಿ ಆರ್ಡ್‌ನಕೆಲ್ಟಿ. ಷಿಕಾಗೋ ಪೊಲೀಸ್ ಇಲಾಖೆಯಿಂದ ನಿವೃತ್ತನಾಗಿ ಬಂದು ನೆಲೆಸಿರುವ ಕ್ಯಾಲ್ ಹೂಪರ್, ಅವನಿಂದ ಮರಗೆಲಸ ಕಲಿಯುವ ಹದಿನೈದರ ಹುಡುಗಿ ಟ್ರೇ. ಮನೆ ಬಿಟ್ಟು ಓಡಿಹೋಗಿದ್ದ ಟ್ರೇಯ ಅಪ್ಪ ಒಂದು ಬರಗಾಲದ ಬೇಸಿಗೆಯಲ್ಲಿ ಮರಳುತ್ತಾನೆ, ಊರಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಆಸೆಯನ್ನು ಹೊತ್ತು ತರುತ್ತಾನೆ. ಹೆಣ ಬೀಳಲು ನೀವು ಪುಸ್ತಕದ ಅರ್ಧಕ್ಕೂ ಹೆಚ್ಚು ಭಾಗ ಕಾಯಬೇಕು. ಅಲ್ಲಿಯವರೆಗೆ ಇರುವುದೆಲ್ಲ ಮಾತು.

ಆದರೆ ಎಂಥ ಮಾತು! ನೆರೆಯ ಮುದುಕ ಮಾರ್ಟ್ ಬೇಲಿಗೆ ಒರಗಿ ಹವಾಮಾನ, ಕುರಿ, ಯಾರದೋ ಮನೆಯ ತಮಾಷೆ ಎಂದು ಹರಟುತ್ತಿದ್ದರೆ, ಆ ಹರಟೆಯ ಒಳಗೆ ಒಂದು ಎಚ್ಚರಿಕೆ ಸುತ್ತಿಟ್ಟುಕೊಂಡಿರುತ್ತದೆ. ಬೆದರಿಸುವ ಒಂದು ಪದವೂ ಇರುವುದಿಲ್ಲ, ಕೇಳಿದವನ ಬೆನ್ನು ಮಾತ್ರ ತಣ್ಣಗಾಗಿರುತ್ತದೆ. ಹಳ್ಳಿಯ ಜಗಲಿಕಟ್ಟೆಯ ಮಾತು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಗಾಡ್ ಆಫ್ ದಿ ವುಡ್ಸ್’ ನಿಮ್ಮನ್ನು ಓಡಿಸಿದರೆ ‘ಹಂಟರ್’ ಕೂರಿಸುತ್ತದೆ. ವೇಗ ಬೇಕೆಂದರೆ ಮೊದಲನೆಯದು. ಊರೆಂಬುದು ಒಬ್ಬ ಮನುಷ್ಯನನ್ನು ಹೇಗೆ ಒಳಗೆ ಬಿಟ್ಟುಕೊಳ್ಳುತ್ತದೆ, ಹೇಗೆ ಹೊರಗೆ ತಳ್ಳುತ್ತದೆ ಎಂಬುದು ಬೇಕೆಂದರೆ ಎರಡನೆಯದು. ಆಡುಮಾತಿನ ಐರಿಷ್ ಇಂಗ್ಲಿಷ್ ಆರಂಭದಲ್ಲಿ ತೊಡಕೆನಿಸಬಹುದು, ಕಿವಿ ಹೊಂದಿಕೊಳ್ಳುತ್ತದೆ. ಒಂದೇ ಷರತ್ತು: ಇದೇ ಊರಿನ ಮೊದಲ ಕಥೆ ‘ದಿ ಸರ್ಚರ್’ (2020) ಓದದೆ ಇದಕ್ಕೆ ಕೈ ಹಾಕಬೇಡಿ. ಟ್ರೇಯ ಸಿಟ್ಟಿನ ಬೇರು ಇರುವುದು ಅಲ್ಲಿ.

ಅನ್ನದ ಮೇಲೊಂದು ತುಂಡು ಬೆಣ್ಣೆ

ಅಸಾಕೊ ಯುಜುಕಿ ಅವರ ‘ಬಟರ್’ ಜಪಾನಿನಲ್ಲಿ 2017ರಲ್ಲೇ ಬಂದ ಕಾದಂಬರಿ. ಪಾಲಿ ಬಾರ್ಟನ್ ಅವರ ಇಂಗ್ಲಿಷ್ ಅನುವಾದ 2024ರಲ್ಲಿ ಹೊರಬಂದ ಮೇಲೆ ಜಗತ್ತಿನೆಲ್ಲೆಡೆ ಓಡಿತು. ಕಜಿಯಿ ಎಂಬ ಹೆಂಗಸು ಒಂಟಿ ಗಂಡಸರನ್ನು ರುಚಿಯಾದ ಅಡುಗೆಯಿಂದ ಒಲಿಸಿಕೊಂಡು, ಅವರ ಹಣ ಕರಗಿಸಿ, ಕೊಂದಳೆಂಬ ಆರೋಪದ ಮೇಲೆ ಜೈಲಿನಲ್ಲಿದ್ದಾಳೆ. ಕಥೆಗೆ ಪ್ರೇರಣೆ ಜಪಾನನ್ನೇ ಅಲ್ಲಾಡಿಸಿದ ಒಂದು ನಿಜ ಪ್ರಕರಣ. ಯಾವ ಪತ್ರಕರ್ತರಿಗೂ ಬಾಯಿಬಿಡದ ಕಜಿಯಿ, ರಿಕಾ ಎಂಬ ವರದಿಗಾರ್ತಿ ಗೋಮಾಂಸದ ಸಾರಿನ ಪಾಕವಿಧಾನ ಕೇಳಿ ಪತ್ರ ಬರೆದಾಗ ಮಾತ್ರ ಉತ್ತರಿಸುತ್ತಾಳೆ.

ಭೇಟಿಯಾದಾಗ ಕಜಿಯಿ ಕೊಡುವ ಮೊದಲ ಆಜ್ಞೆ ಸರಳ. ಮಾರ್ಗರೀನನ್ನು ಎಸೆ, ಒಳ್ಳೆಯ ಬೆಣ್ಣೆ ತಾ. ಆಗಷ್ಟೇ ಬೆಂದ ಬಿಸಿ ಅನ್ನದ ಮೇಲೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಬೆಣ್ಣೆ, ಒಂದಿಷ್ಟು ಸೋಯಾ ಸಾಸ್, ಬೆಣ್ಣೆ ಪೂರ್ತಿ ಕರಗುವ ಮೊದಲೇ ಬಾಯಿಗೆ. ತಿನ್ನುವುದೆಂದರೆ ಹಸಿವು ತಡೆಯುವುದು ಎಂದಷ್ಟೇ ತಿಳಿದಿದ್ದ ರಿಕಾ ಅದನ್ನು ತಿಂದ ರಾತ್ರಿಯಿಂದ ಬದಲಾಗತೊಡಗುತ್ತಾಳೆ. ಬಿಸಿ ಅನ್ನ ತುಪ್ಪ ಉಂಡು ಬೆಳೆದ ನಮಗೆ ಆ ಪುಟ ನಾಲಗೆಯಲ್ಲೇ ಅರ್ಥವಾಗುತ್ತದೆ. ಅಲ್ಲಿಂದ ರಿಕಾಳ ತೂಕ ಏರುತ್ತದೆ, ಕಚೇರಿಯವರು, ಗೆಳೆಯ, ಎಲ್ಲರೂ ಅದರ ಬಗ್ಗೆ ಮಾತಾಡುವ ಹಕ್ಕು ತಮಗಿದೆ ಎಂದುಕೊಳ್ಳುತ್ತಾರೆ. ಕಜಿಯಿಯ ಮೇಲೆ ಜನರಿಗೆ ಇರುವ ಸಿಟ್ಟಾದರೂ ಕೊಲೆಗಾಗಿಯೋ, ಇಷ್ಟು ದಪ್ಪನೆಯ ಹೆಂಗಸು ಇಷ್ಟು ಗಂಡಸರಿಗೆ ಬೇಕಾದಳಲ್ಲ ಎಂಬುದಕ್ಕೋ?

ಇದನ್ನು ಕೊಲೆಗಾರ್ತಿಯ ಕಥೆಯೆಂದು ಕೊಂಡವರು ಬೇಸರಪಟ್ಟುಕೊಂಡದ್ದನ್ನು ಕಂಡಿದ್ದೇನೆ. ಅವರ ಬೇಸರ ನ್ಯಾಯವಾದದ್ದೇ. ಸಂಗತಿಯ ಗುಟ್ಟು ಇಲ್ಲಿ ಮುಖ್ಯವೇ ಅಲ್ಲ, ನಡುಭಾಗ ಅಗತ್ಯಕ್ಕಿಂತ ಉದ್ದವಾಗಿದೆ, ಹೇಳಿದ್ದನ್ನೇ ಪಾತ್ರಗಳು ಮತ್ತೆ ವಿವರಿಸುತ್ತವೆ. ಆದರೆ ಮನೆಯವರಿಗೆ ಬಡಿಸಿ ಮಿಕ್ಕಿದ್ದನ್ನು ಉಣ್ಣುವ ಹೆಂಗಸರ ನಡುವೆ ಬದುಕುವ ಯಾರಿಗೇ ಆಗಲಿ, ತನಗಾಗಿ ಒಂದು ತಟ್ಟೆ ಬಡಿಸಿಕೊಳ್ಳುವುದು ಎಷ್ಟು ದೊಡ್ಡ ವಿಷಯ ಎಂದು ಈ ಪುಸ್ತಕ ಕಾಣಿಸುತ್ತದೆ. ಮಹಿಳೆಯರ ಓದುಬಳಗಗಳಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಚರ್ಚೆಗೆ ಒಂದು ಸಂಜೆ ಸಾಲುವುದಿಲ್ಲ.

ಗೂಢಚಾರಿಣಿಯೂ ‘ಓಕೆ’ ಎನ್ನುವ ಗಂಡಸೂ

ರೇಚಲ್ ಕುಷ್ನರ್ ಅವರ ‘ಕ್ರಿಯೇಷನ್ ಲೇಕ್’ 2024ರ ಬೂಕರ್ ಕಿರುಪಟ್ಟಿಯಲ್ಲಿತ್ತು. ‘ಸೇಡಿ ಸ್ಮಿತ್’ ಎಂಬ ಸುಳ್ಳು ಹೆಸರಿನ ಮೂವತ್ತನಾಲ್ಕರ ಅಮೆರಿಕನ್ ಹೆಂಗಸು, ಹಿಂದೆ ಸರ್ಕಾರಕ್ಕಾಗಿ ದುಡಿದವಳು, ಈಗ ಖಾಸಗಿಯವರಿಗೆ ಬಾಡಿಗೆಯ ಬೇಹುಗಾರ್ತಿ. ಫ್ರಾನ್ಸಿನ ನೈರುತ್ಯದ ಹಳ್ಳಿಗಾಡಿನಲ್ಲಿ ದೊಡ್ಡ ಜಲಾಶಯಗಳ ಯೋಜನೆಯನ್ನು ವಿರೋಧಿಸುವ ಯುವಕರ ಗುಂಪಿನೊಳಗೆ ಅವಳು ಸೇರಿಕೊಳ್ಳಬೇಕು. ಆ ಗುಂಪಿನ ಗುರು ಬ್ರೂನೊ ಜಗತ್ತಿಗೆ ಬೆನ್ನು ಹಾಕಿ ಗುಹೆ ಸೇರಿದವನು. ನಿಯಾಂಡರ್ತಾಲ್ ಎಂಬ ಅಳಿದುಹೋದ ಆದಿಮಾನವರ ಬಗ್ಗೆ ಅವನು ಬರೆಯುವ ಇಮೇಲ್‌ಗಳನ್ನು ಅವಳು ಕದ್ದು ಓದುತ್ತಾಳೆ.

ಈ ಪುಸ್ತಕದ ಜೀವ ಆ ಇಮೇಲ್‌ಗಳಲ್ಲಿದೆ. ಕತ್ತಲೆಯಲ್ಲಿ ಬದುಕಿದವರಿಗೆ ಮಾತ್ರ ಕೇಳಿಸುವ ದನಿಗಳ ಬಗ್ಗೆ ಬ್ರೂನೊ ಬರೆಯುವಾಗ ಸೇಡಿಯ ಒರಟು, ಅಹಂಕಾರದ ಮನಸ್ಸು ತನಗೇ ಗೊತ್ತಿಲ್ಲದೆ ಮೆತ್ತಗಾಗುತ್ತಾ ಹೋಗುತ್ತದೆ. ಬೇಹುಗಾರಿಕೆಯ ಕಥೆಯಾಗಿ ಇದು ಸಪ್ಪೆ, ಅಪಾಯದ ಬಿಸಿ ತಟ್ಟುವುದೇ ಕೊನೆಯಲ್ಲಿ. ಪ್ರಶಸ್ತಿಯ ಸುದ್ದಿ ನೋಡಿ ಥ್ರಿಲ್ಲರ್ ಸಿಕ್ಕಿತೆಂದು ಕೊಳ್ಳಬೇಡಿ. ಅಧ್ಯಾಯಗಳು ಪುಟ್ಟಪುಟ್ಟವು, ಓದು ಸಲೀಸು. ಪಠ್ಯದ ತುಂಬ ವಿಚಾರಗಳನ್ನು ಇಷ್ಟಪಡುವವರಿಗೆ ಮಾತ್ರ ಸೈ.

2025ರ ಬೂಕರ್ ಗೆದ್ದ ಡೇವಿಡ್ ಸೊಲೊಯ್ ಅವರ ‘ಫ್ಲೆಶ್’ ಇದಕ್ಕೆ ತದ್ವಿರುದ್ಧ. ಹಂಗೆರಿಯ ಪಟ್ಟಣವೊಂದರಲ್ಲಿ ತಾಯಿಯೊಂದಿಗೆ ಇರುವ ಹದಿನೈದರ ಹುಡುಗ ಇಶ್ತ್ವಾನ್, ಅಲ್ಲಿಂದ ಸೈನ್ಯ, ಲಂಡನ್, ಸಿರಿವಂತರ ಮನೆಗಳು. ಒಂದು ಇಡೀ ಬದುಕು. ಬಾಯಿಬಿಟ್ಟರೆ ಇಶ್ತ್ವಾನ್ ಹೇಳುವುದು ‘ಓಕೆ’. ಏನು ಅನ್ನಿಸುತ್ತಿದೆ ಎಂದು ಅವನು ಹೇಳುವುದಿಲ್ಲ, ಲೇಖಕರೂ ಹೇಳುವುದಿಲ್ಲ. ದೊಡ್ಡ ಘಟನೆಗಳು ಎರಡು ಅಧ್ಯಾಯಗಳ ನಡುವಿನ ಖಾಲಿ ಜಾಗದಲ್ಲಿ ನಡೆದುಹೋಗಿರುತ್ತವೆ. ಮನುಷ್ಯನನ್ನೇ ಮುಚ್ಚಿಡುವ ಪುಸ್ತಕ ಎಂದರೆ ಇದು. ವಾಕ್ಯಗಳು ಚಿಕ್ಕವು, ಪುಟಗಳಲ್ಲಿ ಬಿಳಿ ಜಾಗ ಹೆಚ್ಚು, ಥ್ರಿಲ್ಲರಿಗಿಂತ ಬೇಗ ಓದಿ ಮುಗಿಯುತ್ತದೆ. ಮುಗಿದ ಮೇಲೆ, ಮಾತು ಕಡಿಮೆಯಾದ ನಮ್ಮ ಮನೆಗಳ ಗಂಡಸರನ್ನು ಸ್ವಲ್ಪ ಹೊತ್ತು ಬೇರೆ ಕಣ್ಣಿನಿಂದ ನೋಡುವಂತಾಗುತ್ತದೆ. ಎಳೆಯ ವಯಸ್ಸಿನವರ ಕೈಗೆ ಕೊಡುವ ಪುಸ್ತಕವಲ್ಲ. ಆರಂಭದಲ್ಲೇ ಹುಡುಗನಿಗೂ ನೆರೆಮನೆಯ ದೊಡ್ಡ ವಯಸ್ಸಿನ ಹೆಂಗಸಿಗೂ ನಡೆಯುವ ಸಂಬಂಧವಿದೆ, ಅದನ್ನು ಲೇಖಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಅದೇ ವರ್ಷದ ಕಿರುಪಟ್ಟಿಯಲ್ಲಿದ್ದ ಕಿರಣ್ ದೇಸಾಯಿ ಅವರ ‘ದಿ ಲೋನ್ಲಿನೆಸ್ ಆಫ್ ಸೋನಿಯಾ ಅಂಡ್ ಸನ್ನಿ’ ಏಳುನೂರರ ಹತ್ತಿರದ ಪುಟಗಳ ಕಾದಂಬರಿ. ಅವರ ಹಿಂದಿನ ಕಾದಂಬರಿ 2006ರಲ್ಲಿ ಬೂಕರ್ ಗೆದ್ದಿತ್ತು. ಅಮೆರಿಕದಲ್ಲಿ ಒಂಟಿತನ ಅನುಭವಿಸುವ ಇಬ್ಬರು ಭಾರತೀಯರು, ಅವರನ್ನು ಜೋಡಿಸಲು ಹೊರಟ ಹಿರಿಯರು. ಹೊರದೇಶದಲ್ಲಿ ಮಕ್ಕಳಿರುವವರು, ಹೊರದೇಶದಲ್ಲಿ ತಾವೇ ಇರುವವರು ದೀರ್ಘ ರಜೆಗೆ ಇಟ್ಟುಕೊಳ್ಳಲಿ.

ತಲೆ ಹಗುರವಾಗಬೇಕೆಂದರೆ

ಯುಕೆಟ್ಸು ಎಂಬ ಮುಖವಾಡಧಾರಿ ಜಪಾನಿ ಲೇಖಕರ ‘ಸ್ಟ್ರೇಂಜ್ ಪಿಕ್ಚರ್ಸ್’ ಇಂಗ್ಲಿಷಿಗೆ 2025ರಲ್ಲಿ ಬಂತು. ಸುಳಿವುಗಳೆಲ್ಲ ಚಿತ್ರಗಳಲ್ಲಿವೆ, ಆ ಚಿತ್ರಗಳು ಪುಸ್ತಕದಲ್ಲೇ ಅಚ್ಚಾಗಿವೆ. ಮಗುವೊಂದು ತನ್ನ ಮನೆಯ ಕಟ್ಟಡದ ಚಿತ್ರ ಬಿಡಿಸಿ ಒಂದು ಭಾಗವನ್ನು ಬೂದುಬಣ್ಣದಲ್ಲಿ ಅಳಿಸಿದಂತೆ ಮಸುಕು ಮಾಡುತ್ತದೆ, ಏಕೆ? ಪುಟ ತಿರುಗಿಸುವ ಮೊದಲು ನೀವೇ ಚಿತ್ರ ದಿಟ್ಟಿಸಿ ಕೂರುತ್ತೀರಿ. ಪಾತ್ರಗಳಲ್ಲಿ ಮಾಂಸವಿಲ್ಲ, ಸಂಭಾಷಣೆ ಒಣಗಿದೆ, ಒಗಟು ಮಾತ್ರ ಅಪ್ಪಟ. ಸಂಗತಿಯನ್ನು ಮುಚ್ಚಿಡುವ ಪುಸ್ತಕಗಳ ಪೈಕಿ ಇಷ್ಟು ಶುದ್ಧವಾದದ್ದನ್ನು ನಾನು ಇತ್ತೀಚೆಗೆ ಓದಿಲ್ಲ. ಇಂಗ್ಲಿಷ್ ಕಾದಂಬರಿ ಓದುವ ರೂಢಿ ಇಲ್ಲದವರಿಗೂ, ಓದಿನಿಂದ ದೂರ ಸರಿದಿರುವ ಕಾಲೇಜು ಹುಡುಗರಿಗೂ ನಾನು ಮೊದಲು ಕೊಡುವುದು ಇದನ್ನೇ. ಭಾಷೆ ಸರಳ, ಪುಸ್ತಕವೂ ಚಿಕ್ಕದು.

ಹಿರಿಯರಿಗೆ ಉಡುಗೊರೆ ಕೊಡುವುದಾದರೆ ರಿಚರ್ಡ್ ಒಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ ಸರಣಿ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ನಿವೃತ್ತರ ವಸತಿಯಲ್ಲಿ ನಾಲ್ವರು ವೃದ್ಧರು ಗುರುವಾರಗಳಂದು ಸೇರಿ ಹಳೆಯ ಕೊಲೆಗಳನ್ನು ಬಿಡಿಸುತ್ತಾರೆ. 2020ರಲ್ಲಿ ಶುರುವಾದ ಸರಣಿಯ ಐದನೆಯ ಪುಸ್ತಕ ‘ದಿ ಇಂಪಾಸಿಬಲ್ ಫಾರ್ಚೂನ್’ 2025ರಲ್ಲಿ ಬಂದಿದೆ. ಹೊಸದೆಂದು ಅದರಿಂದಲೇ ಆರಂಭಿಸಬೇಡಿ. ನಗಿಸುತ್ತಲೇ ಇರುವ ಈ ಪುಸ್ತಕಗಳಲ್ಲಿ ಎಲಿಜಬೆತ್ ಮತ್ತು ಮರೆವಿನ ಕಾಯಿಲೆಯ ಅವಳ ಗಂಡನ ಕಥೆ ಮೊದಲಿನಿಂದ ಸಣ್ಣಗೆ ಹರಿಯುತ್ತಿರುತ್ತದೆ. ಕ್ರಮವಾಗಿ ಓದಿದವರಿಗೆ ನಾಲ್ಕನೆಯ ಪುಸ್ತಕ ಕೊಡುವುದನ್ನು ನಡುವೆ ಜಿಗಿದವರಿಗೆ ಕೊಡಲಾರದು.

ಅಂಗಡಿಯಲ್ಲಿ ನಿಂತಾಗ

ಬೆನ್ನುಡಿ ಓದಬೇಡಿ, ಎಲ್ಲ ಬೆನ್ನುಡಿಗಳೂ ಉಸಿರು ಬಿಗಿಹಿಡಿಸುವುದಾಗಿಯೇ ಹೇಳುತ್ತವೆ. ಮೊದಲ ಪುಟವನ್ನೂ ನಂಬಬೇಡಿ, ಅದನ್ನು ಲೇಖಕರು ಇಪ್ಪತ್ತು ಸಲ ತಿದ್ದಿರುತ್ತಾರೆ. ಪುಸ್ತಕದ ಮೂರನೇ ಒಂದು ಭಾಗದ ಹತ್ತಿರ ಎಲ್ಲಾದರೂ ತೆರೆದು ಎರಡು ಪುಟ ಓದಿ. ಕಥೆ ಗೊತ್ತಿಲ್ಲದಿದ್ದರೂ ಅಲ್ಲಿ ಇಬ್ಬರು ಮನುಷ್ಯರ ನಡುವೆ ಏನೋ ನಡೆಯುತ್ತಿದೆ ಎನ್ನಿಸಿದರೆ ಕೊಳ್ಳಬಹುದು. ಬರೀ ಮಾಹಿತಿ ಸಾಗಿಸುವ ಸಂಭಾಷಣೆ ಕಂಡರೆ ಮುಂದೆಯೂ ಅದೇ ಇರುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ಹೀಗೆ ನಿಂತು ಓದಿದರೆ ಯಾರೂ ಬೇಡವೆನ್ನುವುದಿಲ್ಲ. ಊರಿನಲ್ಲಿ ಅಂಥ ಅಂಗಡಿ ಇಲ್ಲದವರು ಕಿಂಡಲ್‌ನ ಉಚಿತ ಮಾದರಿ ತರಿಸಿಕೊಂಡು ಅದರ ಕೊನೆಯ ಪುಟಗಳಿಂದ ಪರೀಕ್ಷಿಸಬಹುದು.

ಕನ್ನಡದಲ್ಲೇ ಬೇಕೆಂದರೆ

ಸಂಗತಿಯ ಗುಟ್ಟನ್ನು ಬೆನ್ನಟ್ಟುವ ಓದುಗರಿಗೆ ಕೆ. ಎನ್. ಗಣೇಶಯ್ಯ ಇದ್ದಾರೆ. ಕೃಷಿ ವಿಜ್ಞಾನಿಯಾದ ಅವರ ಕಾದಂಬರಿಗಳಲ್ಲಿ ಓಡುವ ಕಥೆಯ ಜೊತೆಗೇ ಆಧಾರಗಳ ಟಿಪ್ಪಣಿಯೂ ಇರುತ್ತದೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದಂತೆ ಕಾಣುವ ವಸ್ತುವಿನ ಸುತ್ತ ಹೆಣೆದ ‘ಕನಕ ಮುಸುಕು’ ಹೊಸದಲ್ಲ, ಆದರೂ ಅವರನ್ನು ಓದದವರು ಅಲ್ಲಿಂದಲೇ ತೊಡಗಲಿ. ಪಾತ್ರಗಳ ಒಳಬದುಕನ್ನು ಅಲ್ಲಿ ಹುಡುಕಬಾರದು, ಅದು ಅವರ ಉದ್ದೇಶವೂ ಅಲ್ಲ.

ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ಬೇರೆಯೇ ಜಾತಿಯದು. ಬೆಂಗಳೂರಿನ ಮಧ್ಯಮವರ್ಗದ ಮನೆ, ಬಾಗಿಲು ತಟ್ಟುವ ಇಬ್ಬರು ಅಪರಿಚಿತ ಹುಡುಗರು, ಅವರಿಗೆ ತುರ್ತಾಗಿ ಬೇಕಾಗಿರುವವಳು ಮಗಳು ರೇಖಾ, ಅವಳೋ ದೂರದ ಹಳ್ಳಿಯಲ್ಲಿ ಫೋನಿಗೆ ಸಿಗದ ಜಾಗದಲ್ಲಿ. ಥ್ರಿಲ್ಲರಿಗೆ ಬೇಕಾದ ಸಾಮಗ್ರಿ ಎಲ್ಲವೂ ಇದೆ, ಎದೆಬಡಿತವೂ ಏರುತ್ತದೆ. ಆದರೆ ಕಥೆ ಹೇಳುತ್ತಿರುವ ಅಪ್ಪ ವೆಂಕಟ್ ತಾನು ಉದಾರಿ, ತಿಳಿವಳಿಕೆಯುಳ್ಳವ ಎಂದು ನಂಬಿಕೊಂಡಿರುವವನು. ಅವನ ಒಂದೊಂದು ಸಮಜಾಯಿಷಿಯ ಸಂದಿಯಲ್ಲೂ ಹೆಂಡತಿ, ಮಗಳು ಏನನ್ನು ಸಹಿಸುತ್ತಿದ್ದಾರೆಂದು ನಮಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ 2023ರಲ್ಲಿ ಬಂದಿದೆ, ಹೊರನಾಡಿನಲ್ಲಿ ಬೆಳೆದು ಕನ್ನಡ ಓದಲು ಬಾರದ ಮಕ್ಕಳಿಗೆ ಅದನ್ನು ಕೊಡಿ. ಓದಬಲ್ಲವರು ಕನ್ನಡದಲ್ಲೇ ಓದಿ, ವೆಂಕಟ್‌ನ ನಯವಾದ ಮಾತಿನ ಒಳಗಿನ ಗಡಸು ಇಲ್ಲಿ ಹೆಚ್ಚು ಚುಚ್ಚುತ್ತದೆ.

ಸಾಧ್ಯವಾದರೆ ಇದನ್ನು ‘ದಿ ಗಾಡ್ ಆಫ್ ದಿ ವುಡ್ಸ್’ ಮುಗಿಸಿದ ಮರುವಾರವೇ ತೆರೆಯಿರಿ. ಎರಡರಲ್ಲೂ ಮಗಳು ಕಣ್ಣಿಗೆ ಬೀಳದ ಕಡೆ ಇದ್ದಾಳೆ, ಎರಡರಲ್ಲೂ ಹಿಂದೊಮ್ಮೆ ಮನೆತನದ ಒಬ್ಬರು ಕಾಣೆಯಾದ ನೆರಳಿದೆ, ಎರಡರಲ್ಲೂ ಅಪ್ಪನಿಗೆ ಮಗಳಿಗಿಂತ ಮನೆಯ ಮರ್ಯಾದೆಯ ಚಿಂತೆ ದೊಡ್ಡದು. ಲಿಜ್ ಮೂರ್ ಕೊನೆಯಲ್ಲಿ ನಡೆದದ್ದನ್ನೆಲ್ಲ ಬಿಚ್ಚಿಡುತ್ತಾರೆ. ಶಾನಭಾಗರು ಎಲ್ಲವನ್ನೂ ಬಿಚ್ಚಿಡುವುದಿಲ್ಲ, ಅದು ಕೆಲವರಿಗೆ ಕೊರತೆಯೆನಿಸುತ್ತದೆ. ನಿಮಗೂ ಹಾಗೆಯೇ ಅನ್ನಿಸಿದರೆ ಮುಂದಿನ ಪುಸ್ತಕವಾಗಿ ಯುಕೆಟ್ಸು ತೆಗೆದುಕೊಳ್ಳಿ, ಅನ್ನಿಸದಿದ್ದರೆ ‘ಫ್ಲೆಶ್’.